ನೀರಿನ ದಿನ ಇಟ್ಟ ಸನ್ಮಾನ

ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಯಾರೋ ಗಂಟಲು ಸರಿಮಾಡಿಕೊಂಡಂಥ ಆ ಸದ್ದು ಇವತ್ತು ಕೇಳಿದಾಗ ಎಂದಿನಂತೆ ಗಡಿಯಾರ ನೋಡಿದೆ. ಏಳು ನಿಮಿಷ ತಡ. ನಮ್ಮ ಬೀದಿಗೆ ನೀರು ವಾರಕ್ಕೆರಡು ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಕೆಂಪು ಗುರುತು ಹಾಕುವವನು ನಾನೇ. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಎಂಟಕ್ಕೆ ತಿಂಡಿ. ಇಂಥ ಕಟ್ಟುನಿಟ್ಟಿನವನೂ ಎಡವುತ್ತಾನೆ ಎಂಬುದಕ್ಕೆ ಶರಣಪ್ಪನ ಸನ್ಮಾನವೇ ಸಾಕ್ಷಿ. ಕೇಳಿ.

ಶರಣಪ್ಪ ಬೆಂಗಳೂರು ಕಾಕ್ಸ್‌ಟೌನಿನ ನಮ್ಮ ಬೀದಿಗಳಿಗೆ ನೀರು ಬಿಡುತ್ತಿದ್ದವನು. ರಾಯಚೂರಿನ ಕಡೆಯವನು, ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ರಸ್ತೆಯ ಮುಚ್ಚಳ ಎತ್ತಿ, ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ವಾಲ್ವಿಗೆ ಇಳಿಸಿ ತಿರುಗಿಸುವನು. ಆಮೇಲೆ ಕೀಲಿಗೆ ಕಿವಿಯಿಟ್ಟು ನೀರಿನ ಓಟ ಕೇಳುವನು. ಐದು ನಿಮಿಷ ತಡವಾದರೂ ನಾನು ಗೇಟಿನಲ್ಲಿ ನಿಂತು ಕೈಗಡಿಯಾರ ತೋರಿಸುತ್ತಿದ್ದೆ. “ನಿಮ್ಮ ವಾಚಿಗೇನ್ರಿ ಸರ, ಅದಕ್ಕ ಪೈಪಿಲ್ಲ,” ಅನ್ನುತ್ತಿದ್ದ.

ಅವನು ನಿವೃತ್ತನಾಗುವ ತಿಂಗಳು ಜಲಮಂಡಳಿ ಅವನಿಗೆ ಪ್ರಶಂಸಾಪತ್ರ ಕೊಡುವುದಾಯಿತು. ಬೀದಿಯವರ ಎದುರೇ ಕೊಡಲಿ ಎಂದು ನಾವು ಕೇಳಿಕೊಂಡೆವು. ಶರಣಪ್ಪ ಹೇಳಿದ್ದು ಒಂದೇ ಮಾತು: “ನಮ್ಮಾಕಿ ನೋಡಬೇಕ್ರಿ ಸರ. ಇಷ್ಟು ವರ್ಷ ಆತು, ನಾ ಏನು ಮಾಡ್ತೀನಂತ ಆಕಿ ಕಂಡೇ ಇಲ್ಲ.”

ಹೊಣೆಯೆಲ್ಲ ನನ್ನದು. ಅದಕ್ಕೆಂದೇ ಹೊಸ ಡೈರಿ ತೆಗೆದೆ. ರಸೆಲ್ ಮಾರುಕಟ್ಟೆಯಿಂದ ಹಾರ, ಸನ್ಮಾನದ ಶಾಲು, ಮೂರು ಪುಟದ ಭಾಷಣ, ಅರವತ್ತು ಕುರ್ಚಿ. ಆ ದಿನ ಹತ್ತು ಗಂಟೆಗೆ ನಮ್ಮ ಬೀದಿಯ ಸಭಾಂಗಣದಲ್ಲಿ ಇದ್ದವರು ಪತ್ರ ಕೊಡಲು ಬಂದ ಇಂಜಿನಿಯರ್ ಮೇಡಂ, ಹೊಸ ಸೀರೆಯುಟ್ಟ ಶರಣಪ್ಪನ ಹೆಂಡತಿ ಮಹಾದೇವಮ್ಮ, ಮತ್ತೆ ನಾನು. ಅರ್ಧ ಗಂಟೆಯಲ್ಲಿ ಮೇಡಂ ಬೇರೆ ಕಡೆ ಹೋಗಬೇಕಿತ್ತು.

ಹೊರಗೆ ಓಡಿದೆ. ಪೈಪು ಹಿಡಿದು ಗೇಟಿನಲ್ಲಿ ನಿಂತಿದ್ದ ಪಕ್ಕದ ಮನೆಯ ಜಬೀನಾ ನಕ್ಕರು. “ನೀರಿನ ದಿನ ಯಾರಾದ್ರೂ ಫಂಕ್ಷನ್ ಇಡ್ತಾರಾ ಅಂಕಲ್? ಅದೂ ನೀರು ಬಿಡೋರಿಗೇ?”

ಹೊಸ ಡೈರಿಯಲ್ಲಿ ಕೆಂಪು ಗುರುತು ಇರಲಿಲ್ಲ.

ಶರಣಪ್ಪ ತಿರುವಿನಲ್ಲಿ ವಾಲ್ವಿನ ಮುಂದೆ ಕೂತಿದ್ದ. “ಮೊದಲೇ ಹೇಳಬಾರದಿತ್ತೇನಯ್ಯಾ?” ಅಂದೆ.

“ನೀವು ದಿನ ಇಟ್ಟೀರಿ, ಹೆಂಗ ಬ್ಯಾಡ ಅನ್ಲಿ? ಲಗೂ ಮುಗಿಸಿ ಬರೂಣಂತಿದ್ದೆ.”

“ಸ್ವಲ್ಪ ಹೊತ್ತು ನಿಲ್ಲಿಸಿ ಬಾ.”

“ಈಗ ನಿಲ್ಲಿಸಿದ್ರ ಮ್ಯಾಲಿನ ಓಣಿಗೆ ನೀರು ಏರಂಗಿಲ್ರಿ. ಅವ್ರು ಶುಕ್ರವಾರದ ತನಕ ಕಾಯಬೇಕು. ಪತ್ರ ಆಫೀಸಿನ್ಯಾಗ ಇಸ್ಕೊಂತೀನಿ ಬಿಡ್ರಿ.” ಹೇಳಿದ್ದು ಹಗುರಾಗಿಯೇ. ಆದರೆ ಕಣ್ಣು ಸಭಾಂಗಣದ ಕಡೆಗಿತ್ತು.

ವಾಪಸು ಹೋಗಿ ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಶಾಲು ಎತ್ತಿಕೊಂಡರು. “ನಡೀರಿ, ಅಲ್ಲೇ ಕೊಡೋಣ.”

ಬೀದಿಯವರೆಲ್ಲ ಗೇಟಿನಲ್ಲೇ ಇದ್ದರು. ಅರವತ್ತು ಕುರ್ಚಿ ಸಾಲುತ್ತಿರಲಿಲ್ಲ. ಕೊಡ, ಪೈಪು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಶರಣಪ್ಪನ ಕೈಯೆಲ್ಲ ಕೆಸರು. ಪತ್ರವನ್ನು ಮಹಾದೇವಮ್ಮ ತೆಗೆದುಕೊಂಡರು. ನನ್ನ ಭಾಷಣ ಜೇಬಿನಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ.

“ಅದ್ರಾಗ ಏನು ಕೇಳಸ್ತೈತಿ?” ಮಹಾದೇವಮ್ಮ ಕೀಲಿ ತೋರಿಸಿ ಗಂಡನನ್ನು ಕೇಳಿದರು. ಅವನು ಸರಿದು ಜಾಗ ಬಿಟ್ಟ. ಆಕೆ ಸೆರಗು ಸಿಕ್ಕಿಸಿ ಬಗ್ಗಿ ಕೀಲಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು.

“ಏರಾಕತ್ತೈತಿ,” ಅಂದರು.

ಇವತ್ತು ಏಳು ನಿಮಿಷ ತಡವಾದಾಗಲೂ ಗೇಟಿಗೆ ಹೋದೆ, ಕೈಗಡಿಯಾರ ಒಳಗೇ ಬಿಟ್ಟು. ತಿರುವಿನಲ್ಲಿ ಈಗ ಬೇರೊಬ್ಬ ಹುಡುಗನಿದ್ದಾನೆ. “ಮೇಲಿನ ಬೀದಿಗೆ ಏರಿತೇನಪ್ಪಾ?” ಎಂದು ಕೇಳಿದೆ.

“ಇನ್ನೂ ಇಲ್ಲ ಅಂಕಲ್.”

ಒಳಗೆ ಬಂದು ನಮ್ಮ ನಲ್ಲಿಯನ್ನು ಅರ್ಧ ಮುಚ್ಚಿದೆ.