ಥಿನ್ನರ್ ಜಾಸ್ತಿಯಾದ ಧ್ವನಿ

ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿಗೆ ಎರಡೇ ವಿಷಯಗಳಲ್ಲಿ ಹಟ. ಒಂದು, ತಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಳೆಯ ಟೇಪ್ ಪ್ಲೇಯರಿನಷ್ಟು ಚೆನ್ನಾಗಿ ಹಾಡುವ ಯಂತ್ರ ಭೂಮಿಯ ಮೇಲೆ ಇನ್ನೊಂದಿಲ್ಲ. ಎರಡು, ಹೆಂಡತಿ ತನ್ನನ್ನು ಮೊದಲ ಸಲ ಮಾತಾಡಿಸಿದಾಗ ‘ಅಣ್ಣಾ’ ಎಂದೇ ಕರೆದಿದ್ದಳು. ಮೊದಲನೆಯದನ್ನು ಅಳಿಯ ಒಪ್ಪುತ್ತಿರಲಿಲ್ಲ, ಎರಡನೆಯದನ್ನು ಹೆಂಡತಿ.

“ಸುಳ್ಳು! ಹಸಿ ಸುಳ್ಳು! ನಾನ್ಯಾಕ್ರೀ ನಿಮ್ಮನ್ನ ಅಣ್ಣ ಅನ್ಲಿ?” ಎಂದು ಅವಳು ಬಾಯಲ್ಲಿ ಕಚ್ಚಿಕೊಂಡ ಗುಂಡುಪಿನ್ನುಗಳನ್ನೂ ತೆಗೆಯದೆ ಜಗಳಕ್ಕೆ ನಿಲ್ಲುತ್ತಿದ್ದಳು. ಅವಳದು ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವ ಕೆಲಸ.

ಇಬ್ಬರೂ ಭೇಟಿಯಾದದ್ದು ಯಾರದೋ ಹೊಸ ಮನೆಯ ಖಾಲಿ ಹಾಲಿನಲ್ಲಿ. ಮೇಸ್ತ್ರಿಗೆ ಆಗಲೇ ಒಂದು ಚಟವಿತ್ತು. ಕೊನೆಯ ಕೋಟ್ ಒಣಗಿದ ಮೇಲೆ, ಸಾಮಾನು ಒಳಗೆ ಬರುವ ಮೊದಲು, ಬರಿದಾದ ಕೋಣೆಯ ನಡುವೆ ನಿಂತು ಬಾಯಿಗೆ ಬಂದ ಹಾಡೊಂದನ್ನು ಹಾಡಿಬಿಡಬೇಕು. ಉಳಿದವರು ಗೋಡೆಯನ್ನು ಕೈಯಿಂದ ಸವರಿ ನೋಡಿದರೆ ಇವನು ಹಾಡಿ ನೋಡುತ್ತಿದ್ದ. ಖಾಲಿ ಕೋಣೆ ಯಾರ ಧ್ವನಿಯನ್ನಾದರೂ ದೊಡ್ಡದು ಮಾಡಿ ವಾಪಸು ಕೊಡುತ್ತದೆ, ಅದೇ ಅವನಿಗೆ ಬೇಕಿದ್ದದ್ದು. ಆ ದಿನ ಹೊಸದಾಗಿ ಕೊಂಡಿದ್ದ ಪ್ಲೇಯರಿನಲ್ಲಿ ರೆಕಾರ್ಡ್ ಮಾಡುವ ಗುಂಡಿಯೂ ಇದೆಯೆಂದು ತಿಳಿದು, ಅದನ್ನು ಬೋರಲು ಹಾಕಿದ ಬಕೆಟ್ಟಿನ ಮೇಲಿಟ್ಟು ಹಾಡಿದ್ದ. ಕಿಟಕಿ ಅಳೆಯಲು ಬಂದಿದ್ದ ಹುಡುಗಿ ಹಾಡು ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದು, ಆಮೇಲೆ ‘ಅಣ್ಣಾ’ ಎಂದಳಂತೆ.

“ಹಾಗಾದ್ರೆ ಟೇಪಿನಲ್ಲಿ ಕೇಳಿಸ್ಬೇಕಲ್ಲ?” ಎಂದು ಯಾರಾದರೂ ಕೇಳಿದರೆ ಮೇಸ್ತ್ರಿಯ ಮುಖ ಸಪ್ಪಗಾಗುತ್ತಿತ್ತು. ಹಾಡು ಮುಗಿದ ಮೇಲೆ ಅದರಲ್ಲಿ ಸುಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಆದರೆ ಹಾಡು? ಅಬ್ಬಾ, ಅದರ ಮಾತೇ ಬೇರೆ! ಟೇಪಿನಲ್ಲಿದ್ದದ್ದು ಕಂಚಿನ ಕಂಠ. ದಪ್ಪ, ಗಂಭೀರ, ಮೂರು ಕೋಟ್ ಹೊಡೆದ ಗೋಡೆಯ ಹಾಗೆ. ಎದುರಿಗೆ ಕೂತ ಮೇಸ್ತ್ರಿಯ ದನಿಯೋ ಕೀರಲು. “ಈಗ ಬಿಡಿ, ಗೋಡೆ ಉಜ್ಜೋ ಕಾಗದದ ಧೂಳು ಕುಡಿದೂ ಕುಡಿದೂ ಗಂಟಲು ಕೆಟ್ಟೋಯ್ತು. ಆಗ ಹೇಗಿತ್ತು ಅಂತ ಕೇಳಿ,” ಎಂದು ಅವನು ಗುಂಡಿ ಒತ್ತುತ್ತಿದ್ದ. ತನಗೂ ಒಂದು ಕಾಲದಲ್ಲಿ ಅಂಥ ಕಂಠವಿತ್ತು ಎನ್ನುವುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಹತ್ತಾರು ಮನೆಗಳ ಬಣ್ಣ ಸಿಡಿದು ಗುರುತೇ ಸಿಗದಂತಾಗಿದ್ದ ಆ ಡಬ್ಬವನ್ನು ಅವನು ಮಗುವಿನಂತೆ ಜೋಪಾನ ಮಾಡಿದ್ದ.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅಳಿಯನಿಗೆ ಹಾಡು ಕೇಳುವ ಹುಚ್ಚು. ಮಾರುಕಟ್ಟೆಗೆ ಹೊಸದೇನು ಬಂದರೂ ಕೊಂಡು ತಂದು ಮಾವನ ಕಿವಿಗೆ ಸಿಕ್ಕಿಸಿ, ತೀರ್ಪಿಗೆ ಕಾಯುತ್ತಿದ್ದ. ತಟ್ಟೆಯಷ್ಟಗಲದ ಸಿಡಿ ಪ್ಲೇಯರ್ ಬಂದಾಗ ಮೇಸ್ತ್ರಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಏಣಿ ಹತ್ತಿ ಇಳಿದು, “ಮೆಟ್ಟಿಲಿಗೊಂದ್ಸಲ ಬಿಕ್ಕಳಿಸುತ್ತೆ ಇದು, ನೀರು ಕುಡಿಸಿ” ಎಂದ. ಹೆಬ್ಬೆರಳ ಗಾತ್ರದ ಎಂಪಿತ್ರೀ ಬಂದಾಗ ಕಣ್ಣುಮುಚ್ಚಿ ಕೇಳಿ, “ಥಿನ್ನರ್ ಜಾಸ್ತಿ ಆಯ್ತು, ಬಣ್ಣ ನೀರಾಗಿದೆ” ಎಂದ. ಮೊಬೈಲಿಗಂತೂ, “ಹಾಡಿನ ಮಧ್ಯೆ ನಿಮ್ಮತ್ತೆ ಫೋನ್ ಮಾಡಿ ಬೇಳೆ ತನ್ನಿ ಅಂತಾಳೆ, ಇದೆಂಥ ಸಂಗೀತ?” ಎಂದು ಕೈಮುಗಿದ.

ಈ ಸಲ ಅಳಿಯ ತಂದದ್ದು ಹಾಡು ಕೇಳುವುದಕ್ಕೆಂದೇ ಮಾಡಿದ ಪುಟ್ಟ ಲೋಹದ ಪ್ಲೇಯರ್. “ಮಾವ, ಬೇರೆ ಬೇರೆ ಹಾಡು ಹಾಕಿ ಹೋಲಿಸೋದು ನ್ಯಾಯ ಅಲ್ಲ. ಒಂದೇ ಹಾಡನ್ನ ಎರಡರಲ್ಲೂ ಕೇಳೋಣ,” ಎಂದ.

“ನನ್ನ ಹಾಡೇ ಹಾಕಿ! ಆಗ ಗೊತ್ತಾಗುತ್ತೆ ನಿಮ್ಮ ಡಬ್ಬದ ಬಂಡವಾಳ,” ಎಂದು ಮೇಸ್ತ್ರಿ ಕ್ಯಾಸೆಟ್ಟನ್ನು ತಾನೇ ಬಿಚ್ಚಿ ಕೊಟ್ಟ. ಅಳಿಯ ಅದನ್ನು ಸ್ಟುಡಿಯೋ ಒಂದಕ್ಕೆ ಒಯ್ದು, ಅಲ್ಲಿಯ ಒಳ್ಳೆಯ ಯಂತ್ರದಿಂದ, ಸುಯ್ ಸದ್ದನ್ನೂ ಸೋಸಿ ತೆಗೆಸಿ, ಹೊಸ ಪ್ಲೇಯರಿಗೆ ಇಳಿಸಿಕೊಂಡು ಬಂದ.

ಪರೀಕ್ಷೆ ನಡೆದದ್ದು ಮಗಳು ಅಳಿಯ ಕೊಂಡ ಹೊಸ ಮನೆಯಲ್ಲಿ. ಮಂಡಿನೋವಿನ ಮೇಸ್ತ್ರಿ ಏಣಿ ಹತ್ತಿದ ಕೊನೆಯ ಕೆಲಸ ಅದು. ಬಣ್ಣ ಒಣಗಿತ್ತು, ಹಾಲ್ ಖಾಲಿಯಿತ್ತು. ಹೆಂಡತಿ ಪರದೆಗೆ ಅಳತೆ ತೆಗೆಯಲು ಬಂದಿದ್ದಳು. ಕೆಲಸ ನೋಡಲು ಹಳೆಯ ಜೊತೆಗಾರರೂ ಬಂದಿದ್ದರು. ‘ಇವತ್ತು ನನ್ನ ಕಂಠ ಕೇಳುವಿರಂತೆ’ ಎಂದು ಮೇಸ್ತ್ರಿ ಅವರಿಗೆ ವಾರದಿಂದ ಹೇಳಿಕೊಂಡು ತಿರುಗಿದ್ದ.

ಚಿಕ್ಕ ಸ್ಪೀಕರಿಗೆ ಮೊದಲು ಹಳೆಯ ಪ್ಲೇಯರನ್ನು ಸಿಕ್ಕಿಸಿದರು. ಕಂಚಿನ ಕಂಠ ಮೊಳಗಿತು. ಜೊತೆಗಾರರು ತಲೆದೂಗಿದರು. ಮೇಸ್ತ್ರಿ ಎದೆಯುಬ್ಬಿಸಿ ನಿಂತ. ಆಮೇಲೆ ಅಳಿಯ ಹೊಸದನ್ನು ಸಿಕ್ಕಿಸಿ ಗುಂಡಿ ಒತ್ತಿದ.

ಹೊರಬಂದದ್ದು ತೆಳ್ಳನೆಯ, ಚುರುಕಾದ, ಬಸ್ಸು ತಪ್ಪಿಹೋಗುತ್ತದೆ ಎನ್ನುವ ಅವಸರದಲ್ಲಿ ಹಾಡುತ್ತಿರುವ ಒಬ್ಬ ಹುಡುಗನ ಧ್ವನಿ.

“ಇದು ನಾನಲ್ಲ!” ಎಂದ ಮೇಸ್ತ್ರಿ. “ಥಿನ್ನರ್ ಸುರಿದುಬಿಟ್ಟಿದ್ದಾರೆ ಇದಕ್ಕೆ!”

ಅಳಿಯ ಪಾಪ, ತಲೆ ಕೆರೆದುಕೊಂಡ. “ಅಲ್ಲ ಮಾವ... ನಿಮ್ಮ ಪ್ಲೇಯರ್ ಒಳಗೆ ಒಂದು ರಬ್ಬರ್ ಬೆಲ್ಟ್ ಇರುತ್ತೆ. ಅದು ವರ್ಷ ವರ್ಷ ಸಡಿಲ ಆಗ್ತಾ ಬಂದಿದೆ. ಟೇಪ್ ನಿಧಾನ ಓಡುತ್ತೆ, ನಿಧಾನ ಓಡಿದ್ರೆ ದನಿ ದಪ್ಪ ಆಗುತ್ತೆ. ಸ್ವಲ್ಪ ಸ್ವಲ್ಪವೇ ಆಗಿದ್ರಿಂದ ಯಾರಿಗೂ ಗೊತ್ತಾಗಿಲ್ಲ.”

“ಹಾಗಾದ್ರೆ ಇಷ್ಟು ದಿನ ಅದರಲ್ಲಿ ಹಾಡ್ತಿದ್ದೋನು ಯಾರು?”

ಜೊತೆಗಾರನೊಬ್ಬ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ. ಮೇಸ್ತ್ರಿಗೆ ಈಗ ಅರ್ಥವಾಯಿತು. ಆ ಕಂಠ ತನ್ನದಾಗಿರಲೇ ಇಲ್ಲ. ಒಂದು ಜೋಲುಬಿದ್ದ ರಬ್ಬರ್ ಬೆಲ್ಟನ್ನು ನಂಬಿಕೊಂಡು ಊರೆಲ್ಲ ಮೆರೆದಿದ್ದೆನಲ್ಲ ಎಂದು ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಪ್ಲೇಯರ್ ನಿಲ್ಲಿಸಲು ಅವನು ಕೈಚಾಚುವಷ್ಟರಲ್ಲಿ ಹಾಡೇ ಮುಗಿಯಿತು. ಆದರೆ ಈ ಸಲ ಸುಯ್ ಎನ್ನುವ ಸದ್ದು ಕೇಳಿಸಲಿಲ್ಲ. ಖಾಲಿ ಕೋಣೆಯಲ್ಲಿ ಚಪ್ಪಲಿಯ ಸಪ್ಪಳ ಕೇಳಿಸಿತು. ಅದರ ಹಿಂದೆಯೇ, ಸಣ್ಣಗೆ ಆದರೆ ಸ್ಪಷ್ಟವಾಗಿ, ಒಂದು ಹುಡುಗಿಯ ಮಾತು:

“ಅಣ್ಣಾ, ಆ ಏಣಿ ಸ್ವಲ್ಪ ಪಕ್ಕಕ್ಕಿಡ್ತೀರಾ? ಕಿಟಕಿ ಅಳತೆ ತಗೋಬೇಕು.”

ಹಾಲಿನಲ್ಲಿ ಎದ್ದ ನಗುವಿಗೆ ಹೊಸ ಗೋಡೆಗಳೇ ಅದುರಿದವು. ಮಗಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಕೂತುಬಿಟ್ಟಳು. ಮೇಸ್ತ್ರಿ ಮಂಡಿನೋವನ್ನು ಮರೆತು ಕುಣಿದ. “ಕೇಳಿದ್ರಾ? ಎಲ್ರೂ ಕೇಳಿದ್ರಾ? ಅಳಿಯಂದ್ರೇ, ಇನ್ನೊಂದ್ಸಲ ಹಾಕಿ! ಎಂಥ ಪ್ಲೇಯರ್ ರೀ ಇದು, ಚಿನ್ನದಂಥ ಪ್ಲೇಯರು!”

ಹೆಂಡತಿ ಕೈಯಲ್ಲಿದ್ದ ಪರದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು. “ಹೂಂ ರೀ, ಅಂದಿದ್ದೆ. ಏನೀಗ?” ಎಂದು ಬಟ್ಟೆಯೊಳಗಿಂದಲೇ ಗದರಿದಳು. ಆಮೇಲೆ ಮುಖ ತೆಗೆದು, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು: “ಅವತ್ತು ನಾನು ಬಾಗಿಲಲ್ಲಿ ನಿಂತು ಕೇಳಿದ್ದು ಈ ಸಣ್ಣ ದನೀನೇ. ನಿಮ್ಮ ಡಬ್ಬದಲ್ಲಿ ಹಾಡೋ ದಪ್ಪ ಮನುಷ್ಯ ಯಾರೋ ನಂಗೊತ್ತಿಲ್ಲ. ನಿಮಗೆ ಅವನು ಇಷ್ಟ ಆಗಿದ್ದ ಅಂತ ಸುಮ್ನಿದ್ದೆ, ಅಷ್ಟೇ.”

ಮೇಸ್ತ್ರಿ ಕಣ್ಣು ಒರೆಸಿಕೊಂಡಾಗ ಅಂಗಿತೋಳಿನ ಒಣ ಬಣ್ಣದ ಪುಡಿ ಕೆನ್ನೆಗೆ ಮೆತ್ತಿಕೊಂಡಿತು.

“ಕೋಣೆ ಖಾಲಿ ಇದೆಯಪ್ಪಾ,” ಎಂದಳು ಮಗಳು. “ಸಾಮಾನು ಬರೋ ಮುಂಚೆ ಹಾಡ್ಬಿಡಿ.”

ಅವನು ಹಾಲಿನ ನಡುವೆ ನಿಂತು ಹಾಡತೊಡಗಿದ. ದನಿ ಕೀರಲಾಗಿಯೇ ಇತ್ತು, ಕೋಣೆ ಅದನ್ನೇ ದೊಡ್ಡದು ಮಾಡಿ ವಾಪಸು ಕೊಟ್ಟಿತು. ಹೆಂಡತಿ ಅಳತೆಪಟ್ಟಿ ಹಿಡಿದು ಕಿಟಕಿಯ ಬಳಿ ಹೋದಳು. ಏಣಿ ಅಡ್ಡವಿತ್ತು. ಅವಳು ಹಿಂದಕ್ಕೆ ತಿರುಗಿದಳು.

“ಅಣ್ಣಾ, ಆ ಏಣಿ ಸ್ವಲ್ಪ ಪಕ್ಕಕ್ಕಿಡ್ತೀರಾ?”

ಮೇಸ್ತ್ರಿ ಹಾಡು ನಿಲ್ಲಿಸದೆಯೇ ಏಣಿಯನ್ನು ಎತ್ತಿ ಪಕ್ಕಕ್ಕಿಟ್ಟ.