ಸುಬೇದಾರರ ಕಾರನ್ನು ನಾನು ಕೊಳ್ಳದೆ ಹೋದದ್ದು

ನನಗೆ ಕಾರು ನಡೆಸಲು ಬರುತ್ತಿರಲಿಲ್ಲ. ಆದರೆ ಕಾರಿನ ಕರಾರುಪತ್ರ ಬರೆಯಲು ಬಹಳ ಚೆನ್ನಾಗಿ ಬರುತ್ತಿತ್ತು. ಕೊಡಗನ್ನು ಇನ್ನೂ ಇಂಗ್ಲಿಷರ ಕಮಿಷನರ್ ಸಾಹೇಬರು ಆಳುತ್ತಿದ್ದ ಕಾಲ ಅದು. ನಾನು ಮಡಿಕೇರಿಯ ಕೋರ್ಟಿನಲ್ಲಿ ವಕೀಲ. ನನ್ನಲ್ಲಿ ಇದ್ದದ್ದು ಒಂದು ಕಪ್ಪು ಕೋಟು, ಮತ್ತು ಆ ಕೋಟಿನೊಳಗೆ ಹಿಡಿಸದಷ್ಟು ಹೆಮ್ಮೆ.

ಊರಿನಲ್ಲಿ ಆಗ ಕಾರುಗಳು ಬೆರಳೆಣಿಕೆಯಷ್ಟು. ಹೆಚ್ಚಿನವು ತೋಟದ ದೊರೆಗಳವು. ನಮ್ಮವರದು ಅಂತ ಹೇಳಿಕೊಳ್ಳಬಹುದಾದದ್ದು ಸುಬೇದಾರ್ ಪೂವಯ್ಯನವರ ಹಸಿರು ಕಾರು. ಚೆಟ್ಟಳ್ಳಿ ಕಡೆಯ ದೊರೆಯೊಬ್ಬ ತನ್ನ ಸೀಮೆಗೆ, ಇಂಗ್ಲೆಂಡಿಗೆ, ಹೊರಟಾಗ ಪಲ್ಟನ್ನಿನಿಂದ ಆಗಷ್ಟೇ ಮರಳಿದ್ದ ಪೂವಯ್ಯನವರು ಅದನ್ನು ಕೊಂಡಿದ್ದರು. ಒಂದು ದಿನ ಕೋರ್ಟಿನ ಜಗಲಿಯಲ್ಲಿ ಅವರೇ ನನ್ನನ್ನು ತಡೆದು, "ವಕೀಲರೇ, ಗಾಡಿ ಕೊಡ್ತೇನೆ. ಫಸ್ಟ್ ಕ್ಲಾಸ್ ಉಂಟು. ನಿಮಗೆ ಬೇಕಾ?" ಎಂದರು. ಬೇಕು ಎನ್ನಲು ನಾನು ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲ.

ಕಾರು ನನಗಾಗಿ ಅಲ್ಲ, ಹೆಂಡತಿಗಾಗಿ ಎಂದು ಎಲ್ಲರಿಗೂ ಹೇಳುತ್ತ ತಿರುಗಿದೆ. ಅದು ಪೂರ್ತಿ ಸುಳ್ಳೇನಲ್ಲ. ದೇವಕಿಯ ತವರು ಬಾಳೆಲೆ. ಮಡಿಕೇರಿಯಿಂದ ವಿರಾಜಪೇಟೆಗೆ ಒಂದು ಬಸ್ಸು, ಅಲ್ಲಿಂದ ಗೋಣಿಕೊಪ್ಪಕ್ಕೆ ಇನ್ನೊಂದು, ಆಮೇಲೆ ಎತ್ತಿನ ಗಾಡಿ. ನಾಲ್ಕು ವರ್ಷದಿಂದ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಕೇಳಿದಾಗಲೆಲ್ಲ, "ಬಸ್ಸಿನ ಕುಲುಕಾಟ ನಂಗೆ ಆಗೋದಿಲ್ಲ, ಹೊಟ್ಟೆ ತೊಳಸ್ತದೆ" ಎನ್ನುತ್ತಿದ್ದಳು. ಇನ್ನು ಸತ್ಯದ ಉಳಿದ ಅರ್ಧವನ್ನೂ ಹೇಳಿಬಿಡುತ್ತೇನೆ. ಕೋರ್ಟಿನ ಮುಂದೆ ಕಾರಿನಿಂದ ಇಳಿಯುವಾಗ ಮೊದಲು ಕಾಲು ಹೊರಗಿಡಬೇಕೋ, ಟೋಪಿ ಹಾಕಿಕೊಳ್ಳಬೇಕೋ ಎಂದು ನಾನು ಮನೆಯ ಆರಾಮಕುರ್ಚಿಯ ಮೇಲೆ ಕುಳಿತು ಅಭ್ಯಾಸ ಮಾಡುತ್ತಿದ್ದೆ. ದೇವಕಿ ಇದನ್ನು ಒಮ್ಮೆ ನೋಡಿದಳು. ಸೊಂಟ ಹಿಡಿದಿರಬೇಕೆಂದು ಬೆನ್ನಿಗೆ ಎಣ್ಣೆ ಕಾಯಿಸಿ ತಂದಳು.

ಎರಡು ಸಂಜೆ ಕುಳಿತು ಕರಾರುಪತ್ರ ಬರೆದೆ. ಹನ್ನೊಂದು ಕಲಮುಗಳು. ಹಾರನ್ನಿಗೇ ಒಂದು ಕಲಮು. ಕರಾರು ಎನ್ನುವುದು ಪಾರಸಿ ಕಡೆಯಿಂದ ಬಂದ ಮಾತು, ಅದಕ್ಕೆ ನೆಮ್ಮದಿ ಎಂಬ ಅರ್ಥವೂ ಇದೆ ಎಂದು ನಮ್ಮ ಕೋರ್ಟಿನ ಮುದಿ ಮುನ್ಷಿ ಒಮ್ಮೆ ಹೇಳಿದ್ದರು. ಆ ಮಾತಿಗೆ ಮೊದಲು ಆ ಅರ್ಥ ಕೊಟ್ಟವನು ಕೋರ್ಟು ಕಂಡವನಲ್ಲ. ನಾನು ಬರೆದ ಕರಾರುಗಳಿಂದ ಯಾರಾದರೂ ನೆಮ್ಮದಿ ಪಡೆದಿದ್ದರೆ ಅದು ಬಹುಶಃ ನಾನೊಬ್ಬನೇ. ಭಾನುವಾರ ಬೆಳಗ್ಗೆ ಸುಬೇದಾರರ ಮನೆಯಲ್ಲಿ ಸಹಿ ಎಂದು ನಿಶ್ಚಯವಾಯಿತು.

ಹಿಂದಿನ ದಿನ ಮಧ್ಯಾಹ್ನ ಅವರು ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ವಿರಾಜಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಕರೆದೊಯ್ದರು. ಪ್ರತಿ ತಿರುವಿಗೂ ನಾನು ಹಿಂದಕ್ಕೆ ತಿರುಗಿ ದೇವಕಿಯ ಮುಖ ನೋಡುತ್ತಿದ್ದೆ. ಅವಳಿಗೆ ಏನೂ ಆಗಲಿಲ್ಲ. ಸೆರಗು ಬಿಗಿಹಿಡಿದು, ಕಣ್ಣರಳಿಸಿ, ಕೆಳಗಿನ ಕಣಿವೆಯನ್ನು ನೋಡುತ್ತಿದ್ದಳು. ಎದುರಿಗೆ ಬಂದ ಎತ್ತುಗಳು ಬೆದರಿದಾಗ ಜೋರಾಗಿ ನಕ್ಕಳು ಕೂಡ. ಆಗ ಸುಬೇದಾರರು ತಿರುಗಿ, "ನೋಡಿಯಮ್ಮಾ, ಇದರಲ್ಲಿ ಬೆಳಗ್ಗೆ ಹೊರಟ್ರೆ ಮಧ್ಯಾಹ್ನದ ಊಟ ಬಾಳೆಲೆಯಲ್ಲಿ, ನಿಮ್ಮ ಅಣ್ಣನ ಮನೆಯಲ್ಲಿ!" ಎಂದರು. ಅವಳ ನಗು ಅಲ್ಲಿಗೆ ನಿಂತಿತು. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ.

ಭಾನುವಾರ ಬೆಳಗ್ಗೆ ನಾನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಾಗ ದೇವಕಿ ಬಾಗಿಲಿಗೆ ಅಡ್ಡ ನಿಂತಳು.

"ಕಾರು ಬೇಡ," ಎಂದಳು.

"ಯಾಕೆ? ನಿನ್ನೆ ನಿನಗೆ ಹೊಟ್ಟೆ ತೊಳಸಲಿಲ್ವಲ್ಲ?"

"ಅದಕ್ಕೇ ಬೇಡ."

ನನಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಹೇಳಿದಳು: "ಬಸ್ಸಲ್ಲೂ ನಂಗೆ ಏನೂ ಆಗೋದಿಲ್ಲ. ಯಾವತ್ತೂ ಆಗಿಲ್ಲ. ಅಮ್ಮ ಕಾಯಿಲೆಯಲ್ಲಿ ಮಲಗಿದಾಗ ಅಣ್ಣ ಆಳು ಕಳಿಸಿದ್ರೆ ಮಾರನೇ ದಿನಕ್ಕೆ ನಾನು ಅಲ್ಲಿರ್ತಿದ್ದೆ. ಅವ ಕಾಗದ ಹಾಕಿದ. ಕಾಗದ ಬರೋಕೆ ನಾಲ್ಕು ದಿನ. ನಾನು ಹೋಗುವಾಗ ಎಲ್ಲ ಮುಗಿದು ಅಂಗಳ ಸಾರಿಸಿ ಆಗಿತ್ತು. ತಪ್ಪಾಯ್ತು ಅಂತ ಒಂದು ಮಾತು ಹೇಳ್ಲಿಲ್ಲ ಅವ. ಮಳೆ ಇತ್ತು ಅಂದ, ಅಷ್ಟೇ."

ಮತ್ತೆ ಹೇಳಿದಳು: "ಹೋಗೋದಿಲ್ಲ ಅಂದ್ರೆ ಜನ ಯಾಕೆ ಅಂತ ಕೇಳ್ತಾರೆ. ಬಸ್ಸು ಆಗೋದಿಲ್ಲ ಅಂದ್ರೆ ಯಾರೂ ಕೇಳೋದಿಲ್ಲ. ಈಗ ನೀವು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ರೆ ನಾನು ಏನು ಹೇಳ್ಲಿ?"

ಹಸು ಯಾವ ಕಾಲು ಕುಂಟುತ್ತಿತ್ತು ಎಂದು ಕೇಳಿಯೇ ಸಾಕ್ಷಿಗಳ ಬೆವರಿಳಿಸುತ್ತಿದ್ದವನು ನಾನು. ಆ ಮಳೆಗಾಲದಲ್ಲಿ ಅವಳ ಪಕ್ಕದಲ್ಲೇ, ಅದೇ ಬಸ್ಸಿನಲ್ಲಿ ಬಾಳೆಲೆಗೆ ಹೋಗಿ ಬಂದವನೂ ನಾನೇ. ಅವಳಿಗೆ ಹೊಟ್ಟೆ ತೊಳಸಿರಲಿಲ್ಲ ಎಂಬುದಕ್ಕೆ ಪ್ರತ್ಯಕ್ಷ ಸಾಕ್ಷಿ ನಾನೊಬ್ಬನೇ. ನಾಲ್ಕು ವರ್ಷ ಆ ಸಾಕ್ಷಿಗೆ ಅದು ನೆನಪೇ ಆಗಲಿಲ್ಲ. ಪೆನ್ನನ್ನು ತೆಗೆದು ಮೇಜಿನ ಮೇಲಿಟ್ಟು ಸುಬೇದಾರರ ಮನೆಗೆ ಹೊರಟೆ.

ಅಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮಸಿಕುಡಿಕೆಯನ್ನೂ ನಾನು ಮೊದಲೇ ಕಳಿಸಿದ್ದ ಕರಾರುಪತ್ರವನ್ನೂ ಇಟ್ಟು, ಪದಕಗಳನ್ನು ಧರಿಸಿ ಅವರು ಕಾದು ಕುಳಿತಿದ್ದರು. ನಿಜವಾದ ಕಾರಣ ಹೇಳುವಂತಿರಲಿಲ್ಲ, ಅದು ನನ್ನದಲ್ಲ. ಹಾಗಾಗಿ ಬೇರೆ ಕಾರಣ ಹುಡುಕಿದೆ.

"ಸುಬೇದಾರರೇ, ಕಾರು ನಿಲ್ಲಿಸೋಕೆ ನಮ್ಮಲ್ಲಿ ಜಾಗ ಇಲ್ಲ."

"ಎಂತ ಮಾತು! ನನ್ನ ಕೊಟ್ಟಿಗೆಯಲ್ಲೇ ಇರ್ಲಿ. ಬಂದು ತಗೊಂಡು ಹೋಗಿ."

"ನನಗೆ ನಡೆಸೋಕೂ ಬರೋದಿಲ್ಲ."

"ಸಿಪಾಯಿಗಳಿಗೇ ಕಲಿಸಿದ್ದೇನೆ. ನೀವು ಓದಿದವರು. ಎಂಟು ದಿನ ಸಾಕು."

"ಹಸಿರು ಬಣ್ಣ..." ಎಂದು ಶುರು ಮಾಡಿ, ಹಸಿರಿನ ಮೇಲೆ ಯಾವ ಆಪಾದನೆ ಹೊರಿಸಬೇಕೆಂದು ತಿಳಿಯದೆ ನಿಲ್ಲಿಸಿದೆ. ಹೊಟ್ಟೆಪಾಡಿಗಾಗಿ ವಾದ ಮಾಡುವ ಮನುಷ್ಯ ಇಷ್ಟು ದರಿದ್ರವಾಗಿ ವಾದಿಸಿದ್ದನ್ನು ನನ್ನ ಕಕ್ಷಿಗಾರರು ಕಂಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಕೊನೆಗೆ ಸೋತು, "ಮನೆಯವಳು ಬೇಡ ಅಂದಳು," ಎಂದೆ.

ಅವರು ತಟ್ಟನೆ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ನನ್ನ ಕೈಹಿಡಿದು ಕುಲುಕಿದರು. "ಅದನ್ನು ಮೊದಲೇ ಹೇಳ್ಬಾರದಾ ವಕೀಲರೇ! ನಾನು ಮಾರ್ತಾ ಇರೋದು ಮತ್ತೆ ಯಾಕೆ ಅಂತ ತಿಳಿದಿರಿ?" ಎಂದು ದನಿ ತಗ್ಗಿಸಿ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರು. ಹನ್ನೊಂದು ಕಲಮಿನ ಕಾಗದವನ್ನು ಮಡಚಿ ನನಗೇ ಕೊಟ್ಟರು. ಕಾರು ಮುಂದಿನ ತಿಂಗಳು ಯಾವುದೋ ತೋಟದ ಲೆಕ್ಕ ಬರೆಯುವ ರೈಟರ್ ಪಾಲಾಯಿತು. ಊರಿನವರು ಒಂದಷ್ಟು ದಿನ, "ವಕೀಲರೇ, ಗಾಡಿ ಎಲ್ಲಿ?" ಎಂದು ಕೇಳಿ ನಕ್ಕರು. ನಾನೂ ಜೊತೆಗೆ ನಕ್ಕೆ. ಬೇರೆ ದಾರಿ ಇರಲಿಲ್ಲ.

ಮನೆಯಲ್ಲಿ ಬಾಳೆಲೆಯ ಮಾತನ್ನು ನಾನು ಎತ್ತಲಿಲ್ಲ. ಅಣ್ಣನನ್ನು ಕ್ಷಮಿಸು ಎಂದು ವಾದಿಸಲು ಒಳ್ಳೊಳ್ಳೆಯ ಮಾತುಗಳು ನಾಲಗೆಯ ತುದಿಗೆ ಬರುತ್ತಿದ್ದವು. ನುಂಗಿಕೊಂಡೆ. ಹುತ್ತರಿ ಹಬ್ಬಕ್ಕೆ ವಾರವಿದ್ದಾಗ ಅವಳೇ ಅಕ್ಕಿ ಆರಿಸುತ್ತ, "ನೀವು ಯಾಕೆ ಒಂದು ಸಲವೂ ಹೋಗು ಅಂತ ಹೇಳ್ಲಿಲ್ಲ?" ಎಂದು ಕೇಳಿದಳು. ನಾನು ಅವಳ ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆಸೆದೆ. "ಹಬ್ಬಕ್ಕೆ ಹೋಗುವ," ಎಂದಳು. ಬಾಯಿ ಮುಚ್ಚಿಕೊಂಡು ನಾನು ಗೆದ್ದ ಮೊಕದ್ದಮೆ ಅದೊಂದೇ.

ಎತ್ತಿನ ಗಾಡಿ ಬಾಳೆಲೆಯ ಅಂಗಳ ಸೇರಿದಾಗ ಅವಳ ಅಣ್ಣ ಸುಬ್ಬಯ್ಯ ಕೊಟ್ಟಿಗೆಗೆ ಹಸಿಹುಲ್ಲು ಒಯ್ಯುತ್ತಿದ್ದ. ತಂಗಿಯನ್ನು ಕಂಡು ಅವನ ಕೈಯಲ್ಲಿದ್ದ ಹುಲ್ಲು ಹಾಗೇ ಜಾರಿತು. ಕೊನೆಗೆ ಅವನು, "ಕಪ್ಪಿ ಕರು ಹಾಕಿದಾಳೆ. ಅಮ್ಮ ಸಾಕಿದ ಹಸು. ಬಾ, ನೋಡು," ಎಂದ. ಇಬ್ಬರೂ ಕೊಟ್ಟಿಗೆಗೆ ನಡೆದರು. ನಾನು ಗಂಟುಮೂಟೆಗಳ ನಡುವೆ ಅಂಗಳದಲ್ಲಿ ನಿಂತಿದ್ದೆ. ದೇವಕಿಯ ಅತ್ತಿಗೆ ಕಾಫಿ ತಂದುಕೊಟ್ಟರು. ಅದು ಮುಗಿದು ಬಹಳ ಹೊತ್ತಾದರೂ ಅವರು ಹೊರಬರಲಿಲ್ಲ.

ಬಂದಾಗ ಇಬ್ಬರ ಕಣ್ಣೂ ಕೆಂಪಾಗಿತ್ತು. ದೇವಕಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹೊಗೆ ಹಾಕಿದಾರೆ," ಎಂದಳು.

"ಹೌದು ಭಾವ, ಬಹಳ ಹೊಗೆ," ಎಂದ ಸುಬ್ಬಯ್ಯ.

ನಾನು ಕೊಟ್ಟಿಗೆಯ ಕಡೆ ನೋಡಿದೆ. ಹುಲ್ಲಿನ ಸೂರಿನ ಮೇಲೆ ಹೊಗೆಯ ಒಂದು ಎಳೆಯೂ ಇರಲಿಲ್ಲ, ಬಿಸಿಲು ನಿಚ್ಚಳವಾಗಿತ್ತು.

"ಹಾಳು ಹೊಗೆ," ಎಂದೆ. ಅತ್ತಿಗೆಯ ಹತ್ತಿರ ಇನ್ನೊಂದು ಲೋಟ ಕಾಫಿ ಕೇಳಿದೆ.