ಕೆಂಗೇರಿಗೆ ಹೊತ್ತುಕೊಂಡು ಹೋದ ಚಳಿಗಾಲಗಳು

ಸಂಕ್ರಾಂತಿಗೆ ಇನ್ನೂ ಐದು ದಿನವಿತ್ತು. ಬೆಳಿಗ್ಗೆ ಎಂಟೂಕಾಲಿಗೆ ಬಸವೇಶ್ವರನಗರದ ಮನೆಗೆ ಬೀಗ ಹಾಕಿ ಕೆಂಗೇರಿ ಉಪನಗರದ ಅಕ್ಕನ ಮನೆಗೆ ಹೊರಟೆ. ಹೆಗಲಿನ ಬಟ್ಟೆಚೀಲದಲ್ಲಿ ಹದಿನೆಂಟು ವರ್ಷಗಳಿಂದ ಕೂಡಿಟ್ಟ ಗೋಡೆ ಕ್ಯಾಲೆಂಡರುಗಳು ಸುರುಳಿಯಾಗಿ ನಿಂತಿದ್ದವು. ಬೀದಿಯಲ್ಲಿ ಬಿಸಿಲಿತ್ತು, ಆದರೆ ಬಿಸಿಲಿಗೆ ಬಿಸಿ ಇರಲಿಲ್ಲ. ಒಂದು ವಾರದಿಂದ ಊರೆಲ್ಲ ಇದೇ ಚಳಿಯ ಮಾತು.

ಹಿಂದಿನ ದಿನ ಸುಶೀಲಕ್ಕ ಫೋನಿನಲ್ಲಿ ಅಳುವ ಹಾಗಾಗಿದ್ದಳು. ಅವಳು ಮನೆಯ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಹೊಲಿಗೆ ನಡೆಸುತ್ತಾಳೆ. ಹೋದ ಏಪ್ರಿಲ್‌ನಲ್ಲಿ ಅವಳ ಜೊತೆ ಹೊಲಿಯುವ ರತ್ನ ಮಧ್ಯಾಹ್ನದ ಸೆಕೆಗೆ ಮೆಷಿನ್ನಿನ ಮೇಲೇ ತಲೆಯಿಟ್ಟು ಬಿದ್ದಿದ್ದಳು. ಬೇಸಿಗೆಗೆ ಮುಂಚೆ ಶೀಟಿನ ಮೇಲೆ ಬಿಳಿ ಬಣ್ಣ, ಕೆಳಗೆ ಇನ್ನೊಂದು ಚಾವಣಿ ಎಂದು ಭಾವ ದೀಪಾವಳಿಯಲ್ಲಿ ಒಪ್ಪಿದ್ದರು. ಈ ಚಳಿ ಬಿದ್ದಿದ್ದೇ ಮಾತು ತಿರುಗಿಸಿದರು. “ಭೂಮಿ ಬಿಸಿಯಾಗ್ತಿದೆ ಅನ್ನೋದೆಲ್ಲ ಬೊಗಳೆ ಅಂತಾರೆ ಕಣೇ. ಈ ಚಳೀನೇ ಸಾಕ್ಷಿ ಅಂತೆ. ನೀನು ಅದೇನೋ ಬರೆದಿಡ್ತೀಯಲ್ಲ, ತಗೊಂಡು ಬಾ,” ಎಂದಳು ಅಕ್ಕ.

ನಾನು ಬರೆದಿಡುವುದು ದೊಡ್ಡದೇನಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಾಗ, ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಆಮೇಲೆ ಜಡೆ ಹಾಕಬೇಕಿತ್ತು. ಅಂಥ ದಿನ ಕ್ಯಾಲೆಂಡರಿನಲ್ಲಿ ಹಾಲಿನ ಗುರುತಿನ ಪಕ್ಕ ಒಂದು ನೀಲಿ ಚುಕ್ಕಿ ಇಡುತ್ತಿದ್ದೆ. ಮಗಳ ಮದುವೆಯಾದರೂ ಚುಕ್ಕಿ ನಿಲ್ಲಲಿಲ್ಲ.

ಮೊದಲ ಬಸ್ಸು ವಿಜಯನಗರದವರೆಗೆ. ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟ ಕಂಡಕ್ಟರು ಚೀಲದ ಕಡೆ ಕಣ್ಣು ಹಾಯಿಸಿದರು.

“ಹೊಸ ಕ್ಯಾಲೆಂಡರಾ ಆಂಟಿ? ನಮಗೂ ಒಂದು ಕೊಡಿ.”

“ಹಳೇವು ಕಣಪ್ಪ.”

“ಹಳೇವಾ? ತಪ್ಪಿಹೋಗಿರೋ ರಜೆ ಹುಡುಕೋಕಾ?” ಎಂದು ನಗುತ್ತ ಮುಂದೆ ಹೋದರು.

ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಅವರೆಕಾಯಿಯ ರಾಶಿಗಳು. ಕೆಜಿಗೆ ಎಪ್ಪತ್ತು. ಮಾರುವಾಕೆ ಒಂದು ಕಾಯಿ ಮುರಿದು ನನ್ನ ಮೂಗಿನ ಹತ್ತಿರ ಹಿಡಿದಳು. “ಚಳಿ ಚೆನ್ನಾಗಿ ಬಿದ್ದಿದೆ ಕಣಮ್ಮ, ಸೊಗಡು ನೋಡಿ.” ಎರಡು ಕೆಜಿ ತೆಗೆದುಕೊಂಡೆ. ಚಳಿಯ ಮೇಲೆ ನನಗೇನೂ ಮುನಿಸಿಲ್ಲ. ನಿಜ ಹೇಳಬೇಕೆಂದರೆ ಆ ವಾರ ಬೆಳಿಗ್ಗೆ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂರುವುದೇ ಒಂದು ಸುಖವಾಗಿತ್ತು.

ಕೆಂಗೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಜೊತೆಗೆ ಕೂತಾಕೆ ಗೋವಿಂದರಾಜನಗರದವರು, ಸೀರೆಯ ಮೇಲೆ ಗಂಡನ ಸ್ವೆಟರ್ ಹಾಕಿದ್ದರು. ನಾಯಂಡಹಳ್ಳಿಯಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು, ಮಾತು ಬೆಳೆಯಿತು.

“ಟೀವೀಲಿ ಭೂಮಿ ಕಾಯ್ತಿದೆ ಅಂತಾರೆ. ನನ್ನ ಮಂಡಿ ಬೇರೇನೇ ಹೇಳ್ತಿದೆ ಕಣ್ರೀ,” ಎಂದರು. “ಇವರ ಸ್ವೆಟರ್ ಹುಡುಕೋಕೆ ಎರಡು ದಿನ ಆಯ್ತು. ಅಟ್ಟದ ಮೇಲೆ ಹಳೇ ಕುಕ್ಕರ್ ಹಿಂದೆ ಸೇರಿಕೊಂಡಿತ್ತು.”

“ಮುಂಚೆ ಎಲ್ಲಿಡ್ತಿದ್ರಿ?”

“ಬಾಗಿಲ ಹಿಂದಿನ ಮೊಳೇಲಿ. ದಿನಾ ಬೇಕಾಗ್ತಿತ್ತಲ್ಲ.” ಅಷ್ಟು ಹೇಳಿ ಅವರೇ ಒಂದು ಕ್ಷಣ ಯೋಚಿಸಿದರು. ಆಮೇಲೆ ಇಬ್ಬರೂ ನಕ್ಕೆವು.

ಹದಿಮೂರು ಹದಿನಾಲ್ಕು ಕಿಲೋಮೀಟರಿನ ದಾರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಇಳಿದು ಆಟೋಗೆ ಐವತ್ತು ಕೊಟ್ಟು ಅಕ್ಕನ ಮನೆ ಸೇರಿದಾಗ ಹತ್ತು ದಾಟಿತ್ತು. ಅಕ್ಕ ಅವರೆಕಾಯಿ ಕಸಿದುಕೊಂಡು, ಕಾಫಿ ಕೊಟ್ಟು, ಸೀದಾ ಮೇಲಕ್ಕೆ ಕರೆದುಕೊಂಡು ಹೋದಳು. ರತ್ನ ರವಿಕೆಗೆ ತೋಳು ಜೋಡಿಸುತ್ತಿದ್ದಳು. ಅಷ್ಟು ಹೊತ್ತಿಗೇ ಆ ಕೋಣೆಯಲ್ಲಿ ಅವಳ ಸ್ವೆಟರ್ ಕುರ್ಚಿಯ ಬೆನ್ನಿಗೆ ಹೋಗಿತ್ತು.

ಭಾವ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಸೋಲುವುದು ಕಷ್ಟ.

“ಏನಮ್ಮ ಜಯಾ, ಎಣ್ಣೆ ಪುರಾಣ ಶುರು ಮಾಡು,” ಎಂದರು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಲ್ಲ ವರ್ಷದ ಡಿಸೆಂಬರ್, ಜನವರಿ ಹಾಳೆಗಳನ್ನು ಬಿಡಿಸಿ ಹರಡಿದೆ. ಹಳೆಯ ಹಾಳೆಗಳಲ್ಲಿ ಸಾಲುಸಾಲು ನೀಲಿ. ಇತ್ತೀಚಿನವುಗಳಲ್ಲಿ ಬಹುಪಾಲು ಖಾಲಿ, ನಡುವೆ ಎಲ್ಲೋ ಒಂದು ಕಡೆ ನಾಲ್ಕಾರು ಚುಕ್ಕಿಗಳ ಗುಂಪು. “ನೋಡಿ ಭಾವ, ಚಳಿ ವಾರ ಎಲ್ಲಾ ವರ್ಷಾನೂ ಇದೆ. ಮುಂಚೆ ಅದು ಕಾಣ್ತಾನೇ ಇರಲಿಲ್ಲ, ಆಚೆ ಈಚೆ ಎಲ್ಲಾ ಚಳೀನೇ ಇತ್ತು. ಈಗ ಸುತ್ತ ಖಾಲಿ, ಅದಕ್ಕೇ ಎದ್ದು ಕಾಣತ್ತೆ.”

ಭಾವ ಕನ್ನಡಕ ಸರಿಮಾಡಿಕೊಂಡು ಒಂದೊಂದು ಹಾಳೆಯನ್ನೂ ನೋಡಿದರು. ಕೊನೆಗೆ ಕೇಳಿದರು: “ಬಾಟ್ಲಿ ಎಲ್ಲಾ ವರ್ಷಾನೂ ಒಂದೇ ಜಾಗದಲ್ಲಿತ್ತಾ?”

ಇರಲಿಲ್ಲ. ಮೊದಲು ಅದು ಹಿತ್ತಲ ಕಡೆ ಕಿಟಕಿಯಲ್ಲಿತ್ತು. ಅಡುಗೆಮನೆ ಹೊಸದಾಗಿ ಕಟ್ಟಿಸಿದ ವರ್ಷ ಒಲೆಯ ಪಕ್ಕದ ಗೂಡಿಗೆ ಬಂತು. ಇಷ್ಟು ವರ್ಷ ಚುಕ್ಕಿ ಇಟ್ಟವಳಿಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಬಾಟಲಿ ಕಿಟಕಿಯಲ್ಲಿದ್ದ ಕಾಲದ ಏಳು ಕ್ಯಾಲೆಂಡರುಗಳನ್ನು ನಾನೇ ಮಡಚಿ ಪಕ್ಕಕ್ಕಿಟ್ಟೆ. ಉಳಿದವುಗಳಲ್ಲಿ ಒಂದು ವರ್ಷ ಚುಕ್ಕಿ ಕಡಿಮೆ, ಮರುವರ್ಷ ಹೆಚ್ಚು. ಅಕ್ಕ ನನ್ನ ಮುಖ ನೋಡಿ ಕತ್ತರಿ ಕೆಳಗಿಟ್ಟಳು.

“ನೋಡಿದ್ಯಾ?” ಎಂದರು ಭಾವ, ಸಂತೋಷದಿಂದಲೇ. “ಒಂದು ಎಣ್ಣೆ ಬಾಟ್ಲಿ ಇಟ್ಕೊಂಡು ಇಡೀ ಪ್ರಪಂಚದ ಮಾತಾಡೋಕಾಗತ್ತಾ?”

“ಆಗಲ್ಲ ಭಾವ, ಒಪ್ಪಿದೆ. ಅಳೆಯೋರು ಊರೂರಲ್ಲಿ, ಸಮುದ್ರದ ಮೇಲೂ ವರ್ಷಗಟ್ಟಲೆ ಅಳೀತಾರೆ. ನನ್ನ ಹದಿನೆಂಟು ವರ್ಷದ ಬಾಟ್ಲೀನೇ ಸಾಲಲ್ಲ ಅಂದ್ರೆ, ನಿಮ್ಮ ಒಂದು ವಾರದ ಚಳಿ ಹೇಗೆ ಸಾಲತ್ತೆ?”

ಅಕ್ಕ ಬಿಡಲಿಲ್ಲ. “ಹೌದೂ ರೀ, ಒಂದು ಬೋಲ್ಟ್ ಅಳೆದು ಇಡೀ ಪೆಟ್ಟಿಗೆ ಪಾಸ್ ಮಾಡ್ತಿದ್ರಾ ನೀವು?”

“ಸುಮ್ನಿರೇ,” ಎಂದರು. ಆದರೆ ಆ ಮಾತು ನಾಟಿತ್ತು. ಜನವರಿ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ಚುಕ್ಕಿ ಎಣಿಸತೊಡಗಿದರು.

ಆಗ ರತ್ನ ಮೆಷಿನ್ ನಿಲ್ಲಿಸಿದಳು. “ಸಾರ್, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಮಲ್ಲತ್ತಹಳ್ಳಿ ಹತ್ರ ಒಂದು ಕಡೆ ಮಾರ್ಚಿಂದ ಬಾ ಅಂತ ಕರೀತಿದಾರೆ. ನಂಗೆ ಅಕ್ಕನ ಹತ್ರಾನೇ ಇಷ್ಟ. ಆದ್ರೆ ಇನ್ನೊಂದು ಏಪ್ರಿಲ್ ಈ ಶೀಟ್ ಕೆಳಗೆ ನನ್ನ ಕೈಲಾಗಲ್ಲ.”

ಅಕ್ಕನಿಗೂ ಇದು ಗೊತ್ತಿರಲಿಲ್ಲವೆಂದು ಅವಳ ಮುಖವೇ ಹೇಳಿತು. ರತ್ನ ಹೋದರೆ ಹೊಲಿಗೆ ನಿಂತ ಹಾಗೆಯೇ. ಕೆಳಗೆ ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ಭಾವ ಹಾಳೆಯನ್ನು ಮೇಜಿನ ಮೇಲಿಟ್ಟು ರತ್ನನ ಕಡೆ ತಿರುಗಿದರು.

“ಎಷ್ಟೊತ್ತಿಗೆ ಜಾಸ್ತಿ ಕಾಯತ್ತಮ್ಮ?”

“ಎರಡರಿಂದ ನಾಲ್ಕು ಸಾರ್. ಈ ಕಡೆ ಗೋಡೆ ಮುಟ್ಟೋಕಾಗಲ್ಲ.”

ಅವರು ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡಿದರು. ಜನವರಿಯ ಗೋಡೆ, ಅದೇನು ಹೇಳೀತು. ಆದರೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಮಧ್ಯಾಹ್ನ ಅವರೆಕಾಳು ಉಪ್ಪಿಟ್ಟು, ಮೊಸರು. ಭಾವ ಎರಡು ಸಲ ಹಾಕಿಸಿಕೊಂಡರು, ಚಳಿಯ ಮಾತು ಎತ್ತಲಿಲ್ಲ. ತಟ್ಟೆ ತೊಳೆದಿಟ್ಟು ಪರಿಚಯದ ಶೀಟಿನ ಕೆಲಸದವನಿಗೆ ಫೋನ್ ಮಾಡಿದರು. “ಏಪ್ರಿಲ್ ಅಲ್ಲಪ್ಪ, ಫೆಬ್ರವರಿ ಒಳಗೆ. ಅಳತೆ ನಾನೇ ಕಳಿಸ್ತೀನಿ,” ಎಂದದ್ದು ಅಡುಗೆಮನೆಗೆ ಕೇಳಿಸಿತು. ಅಕ್ಕ ನನ್ನ ಕೈ ಚಿವುಟಿದಳು.

ಮೂರೂವರೆಗೆ ಮೆಟ್ರೋ ಹಿಡಿಯಲು ಹೊರಟೆ. ಬೀದಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿದೆ. ತಾರಸಿಯ ಮೇಲೆ ಭಾವ ಅಕ್ಕನ ಹೊಲಿಗೆ ಟೇಪನ್ನು ಶೀಟಿನ ಅಂಚಿಗೆ ಹಿಡಿದಿದ್ದರು, ಇನ್ನೊಂದು ತುದಿ ರತ್ನನ ಕೈಯಲ್ಲಿ. ಐದಡಿಯ ಟೇಪು, ಒಂದೊಂದು ಸಲಕ್ಕೂ ಗುರುತು ಮಾಡಿ ಮುಂದೆ ಸರಿಯಬೇಕು. “ಹದಿನಾಲ್ಕು ಅಡಿ ಮೂರು ಇಂಚು,” ಎಂದು ಕೂಗಿ ಹೇಳಿದರು. ಬರೆದುಕೊಳ್ಳುತ್ತಿದ್ದ ಅಕ್ಕ ಏನೋ ಅಂದಳು. ಭಾವ ಮತ್ತೆ ಮೊದಲ ಮೂಲೆಗೆ ಹೋಗಿ, ಕೈ ಎತ್ತಿ, ಇನ್ನೊಮ್ಮೆ ಅಳೆಯತೊಡಗಿದರು.